ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು: ದ್ವೀಪಗಳಿಂದ ನಾವು ಕಲಿಯಬೇಕಾದ ಲೆಕ್ಕ



‘ಇಂದು ಗರಿಷ್ಠ ಉಷ್ಣಾಂಶ ವಾಡಿಕೆಗಿಂತ 2 ಡಿಗ್ರಿ ಹೆಚ್ಚು’ ಎಂಬ ಮಾತನ್ನು ರೇಡಿಯೋದಲ್ಲಿ, ಟಿ.ವಿ.ಯಲ್ಲಿ ನಾವೆಲ್ಲ ಕೇಳಿದ್ದೇವೆ. ‘ವಾಡಿಕೆ ಮಳೆ’ ಎಂಬ ಪದವಂತೂ ರೈತ ಮನೆಗಳಲ್ಲಿ ದಿನದ ಮಾತು. ಆದರೆ ಈ ವಾಡಿಕೆ ಅಂದ್ರೆ ಏನು? ಅದನ್ನು ಲೆಕ್ಕ ಹಾಕೋದು ಹೇಗೆ? ಒಂದೆರಡು ಡಿಗ್ರಿ ಹೆಚ್ಚಾದರೆ ಏನು ಮಹಾ? ಹೀಗೆ ಯಾರಾದರೂ ಕೇಳಿದರೆ ಉತ್ತರ ಥಟ್ಟನೆ ಹೊಳೆಯುವುದಿಲ್ಲ.

ಇದನ್ನು ತಿಳಿಯಲು ಫಿಲಿಪ್ಪೀನ್ಸ್ ದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪೆಸಿಫಿಕ್ ಸಾಗರದ ಅಂಚಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳು ಸೇರಿ ಆದ ದೇಶ ಇದು. ಉತ್ತರದಲ್ಲಿ ಲುಸಾನ್, ನಡುವೆ ವಿಸಾಯಸ್, ದಕ್ಷಿಣದಲ್ಲಿ ಮಿಂಡನಾವೊ. ನಮ್ಮ ಹಾಗೆ ಅವರದ್ದೂ ಉಷ್ಣವಲಯ. ನಮ್ಮ ಹಾಗೆ ಅನ್ನ, ಮೀನು, ತೆಂಗು. ನೈರುತ್ಯದ ಮಳೆಗಾಳಿ ಅವರಿಗೂ ಇದೆ. ಅಲ್ಲಿನ ಹವಾಮಾನ ಇಲಾಖೆಯ ಹೆಸರು ‘ಪಗಾಸಾ’. ಅವರ ಭಾಷೆಯಲ್ಲಿ ‘ಪಗ್-ಆಸಾ’ ಅಂದ್ರೆ ಭರವಸೆ. ನಮ್ಮ ‘ಆಶೆ’ ಎಂಬ ಪದಕ್ಕೆ ಅದು ನೆಂಟ.

ವಾಡಿಕೆ ಎಂದರೆ ಏನು?

ಒಂದು ಊರಿನ ಕಳೆದ 30 ವರ್ಷಗಳ ಏಪ್ರಿಲ್ ತಿಂಗಳ ಉಷ್ಣಾಂಶವನ್ನೆಲ್ಲ ಕೂಡಿಸಿ 30ರಿಂದ ಭಾಗಿಸಿದರೆ ಬರುವ ಸರಾಸರಿಯೇ ಆ ಊರಿನ ಏಪ್ರಿಲ್ ತಿಂಗಳ ವಾಡಿಕೆ. 30 ವರ್ಷ ಯಾಕೆ? ಒಂದೆರಡು ವರ್ಷದ ಲೆಕ್ಕ ಹಿಡಿದರೆ ಆ ವರ್ಷ ಬಂದ ಬರವೋ ಪ್ರವಾಹವೋ ಲೆಕ್ಕವನ್ನೇ ಕೆಡಿಸುತ್ತದೆ. ಮೂವತ್ತು ವರ್ಷವಾದರೆ ಏರು ಇಳಿತಗಳು ಸರಿದೂಗುತ್ತವೆ. ಜಗತ್ತಿನ ಎಲ್ಲ ದೇಶಗಳಿಗೂ ವಿಶ್ವ ಹವಾಮಾನ ಸಂಸ್ಥೆ ಇದೇ ಪದ್ಧತಿಯನ್ನು ಹೇಳಿದೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಲೆಕ್ಕ.

ಈ ತಿಂಗಳ ಉಷ್ಣಾಂಶದಿಂದ ವಾಡಿಕೆಯನ್ನು ಕಳೆದರೆ ಉಳಿಯುವುದೇ ವ್ಯತ್ಯಾಸ. ಹವಾಮಾನ ಇಲಾಖೆಯವರು ಇದನ್ನು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸುತ್ತಾರೆ. ಕೆಂಪು ಅಂದ್ರೆ ವಾಡಿಕೆಗಿಂತ ಹೆಚ್ಚು, ನೀಲಿ ಅಂದ್ರೆ ಕಡಿಮೆ. ಒಂದು ವಿಷಯ ನೆನಪಿರಲಿ: ಕೆಂಪು ಇರುವ ಕಡೆಯೆಲ್ಲ ಸುಡುವ ಸೆಕೆ ಎಂದರ್ಥವಲ್ಲ. ಗುಡ್ಡದ ಮೇಲಿನ ತಂಪು ಊರಿಗೂ ಕೆಂಪು ಬರಬಹುದು. ಆ ಊರು ತನ್ನ ರೂಢಿಗಿಂತ ಬೆಚ್ಚಗಿದೆ ಎಂದಷ್ಟೇ ಅದರ ಅರ್ಥ.

ಒಂದು ಡಿಗ್ರಿ ಯಾಕೆ ದೊಡ್ಡದು?

ದಿನಾ ತಪ್ಪದೆ 6 ಲೀಟರ್ ಹಾಲು ಕೊಡುವ ಹಸು ಒಂದು ದಿನ 5 ಲೀಟರ್ ಕೊಟ್ಟರೆ ನಾವು ಕೂಡಲೇ ಮೈ ಮುಟ್ಟಿ ನೋಡ್ತೇವೆ, ಮೇವು ತಿಂದಿದೆಯಾ ಅಂತ ವಿಚಾರಿಸ್ತೇವೆ. ಇವತ್ತು 4, ನಾಳೆ 8 ಅಂತ ಕೊಡುವ ಹಸುವಾದರೆ ಒಂದು ಲೀಟರಿನ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಉಷ್ಣವಲಯದ ದ್ವೀಪಗಳು ಮೊದಲನೇ ಹಸುವಿನ ಹಾಗೆ. ಸುತ್ತ ಇರುವ ಸಮುದ್ರ ಬೇಗ ಕಾಯುವುದೂ ಇಲ್ಲ, ಬೇಗ ತಣಿಯುವುದೂ ಇಲ್ಲ. ಹಾಗಾಗಿ ವರ್ಷವಿಡೀ ಉಷ್ಣಾಂಶ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತದೆ.

ಫಿಲಿಪ್ಪೀನ್ಸಿನಲ್ಲಿ ವರ್ಷದ ಸರಾಸರಿ 26.6 ಡಿಗ್ರಿ. ಅತಿ ತಂಪಾದ ಜನವರಿಯಲ್ಲಿ 25.5, ಅತಿ ಬಿಸಿಯಾದ ಮೇ ತಿಂಗಳಲ್ಲಿ 28.3. (ಬೆಟ್ಟದ ಮೇಲಿನ ಬಗಿಯೊ ಪಟ್ಟಣವನ್ನು ಈ ಲೆಕ್ಕದಿಂದ ಬಿಟ್ಟಿದ್ದಾರೆ.) ಅಂದ್ರೆ ಚಳಿಗಾಲಕ್ಕೂ ಬೇಸಿಗೆಗೂ ಇರುವ ಅಂತರ ಮೂರು ಡಿಗ್ರಿಯೂ ಇಲ್ಲ. ನಮ್ಮ ದೆಹಲಿಯಲ್ಲಿ ಜನವರಿಗೂ ಜೂನ್‌ಗೂ ಸುಮಾರು 20 ಡಿಗ್ರಿ ಅಂತರ ಇದೆ. ಅಲ್ಲಿ ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದ್ವೀಪದಲ್ಲಿ ಒಂದು ಡಿಗ್ರಿ ಅಂದ್ರೆ ಇಡೀ ವರ್ಷದ ಏರಿಳಿತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಅಲ್ಲಿನ ಬೆಳೆ, ಮೀನು, ಮನೆ, ಮನುಷ್ಯರ ಮೈ ಎಲ್ಲವೂ ಆ ಸಣ್ಣ ಅಂತರಕ್ಕೆ ಒಗ್ಗಿಕೊಂಡಿವೆ.

ಸಮುದ್ರದ ಒಳಗೂ ಹಾಗೆಯೇ. ಅತಿ ಬೆಚ್ಚನೆಯ ತಿಂಗಳ ವಾಡಿಕೆಗಿಂತ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ ಹವಳದ ದಿಬ್ಬಗಳು ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ನಮ್ಮ ಪಕ್ಕದ ಲಕ್ಷದ್ವೀಪದಲ್ಲೂ 1998, 2010, 2016 ಮತ್ತು 2024ರಲ್ಲಿ ಹೀಗಾಗಿದೆ. ಹವಳ ಸತ್ತರೆ ಅದರ ಆಸರೆಯಲ್ಲಿ ಮರಿ ಮಾಡುವ ಮೀನುಗಳಿಗೂ ನೆಲೆ ಇಲ್ಲ.

ಒಂದೇ ದೇಶ, ಬೇರೆ ಬೇರೆ ವ್ಯತ್ಯಾಸ

ಸಮುದ್ರ ಮಟ್ಟದಲ್ಲಿರುವ ಊರುಗಳನ್ನು ಹೋಲಿಸಿದರೆ ಉತ್ತರದ ಲುಸಾನ್‌ಗೂ ದಕ್ಷಿಣದ ಮಿಂಡನಾವೊಗೂ ವರ್ಷದ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೂ ಒಂದು ನಿರ್ದಿಷ್ಟ ತಿಂಗಳ ನಕ್ಷೆ ನೋಡಿದರೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಕಾಣುವುದುಂಟು. ಇದಕ್ಕೆ ಮುಖ್ಯ ಕಾರಣಗಳು ಇವು:

1. ಗಾಳಿ: ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ತಂಪು ಗಾಳಿಗೆ ಅಲ್ಲಿ ‘ಅಮಿಹಾನ್’ ಅಂತಾರೆ. ಅದು ಜೋರಾದ ವರ್ಷ ಉತ್ತರ ಲುಸಾನ್ ವಾಡಿಕೆಗಿಂತ ತಂಪು, ಸೊರಗಿದ ವರ್ಷ ವಾಡಿಕೆಗಿಂತ ಬೆಚ್ಚಗೆ. ದೂರದ ಮಿಂಡನಾವೊಗೆ ಅದರ ಪ್ರಭಾವ ಕಡಿಮೆ.

2. ಎತ್ತರ: ಬಗಿಯೊ ಪಟ್ಟಣ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವರ್ಷದ ಸರಾಸರಿ 18.3 ಡಿಗ್ರಿ. ಅದರ ಸುತ್ತಲಿನ ಬೆಟ್ಟಗಳಲ್ಲಿ ತರಕಾರಿ ಬೆಳೆಯುವವರಿಗೆ ಜನವರಿ, ಫೆಬ್ರವರಿಯ ಹಿಮದ ಭಯ. ವಾಡಿಕೆಗಿಂತ ಕಡಿಮೆಯಾದರೂ ನಷ್ಟವೇ.

3. ಬೆಟ್ಟಗಳ ಅಡ್ಡ: ನಮ್ಮ ಪಶ್ಚಿಮ ಘಟ್ಟದ ಒಂದು ಬದಿ ಆಗುಂಬೆ, ಇನ್ನೊಂದು ಬದಿಯ ಬಯಲುಸೀಮೆಯಲ್ಲಿ ಚಿತ್ರದುರ್ಗ ಇದ್ದ ಹಾಗೆ, ಅಲ್ಲಿಯೂ ಗಾಳಿಗೆ ಎದುರಾದ ಬದಿಗೆ ಮೋಡ, ಮಳೆ, ಮರೆಯಾದ ಬದಿಗೆ ಬಿಸಿಲು. ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿರುವ ತುಗೆಗರಾವ್ ಪಟ್ಟಣದಲ್ಲಿ 42.2 ಡಿಗ್ರಿ ದಾಖಲಾದದ್ದು ಇದೇ ಕಾರಣಕ್ಕೆ.

4. ಮೋಡ ಮತ್ತು ಮಳೆ: ಮಳೆ ಬಂದ ಕಡೆ ನೆಲದ ತೇವ ಆರುತ್ತಾ ಗಾಳಿಯನ್ನು ತಂಪಾಗಿಡುತ್ತದೆ. ಮಳೆ ಕೈಕೊಟ್ಟ ಕಡೆ ಬಿಸಿಲೆಲ್ಲ ನೆಲವನ್ನು ಕಾಯಿಸುವುದಕ್ಕೇ ಹೋಗುತ್ತದೆ.

5. ಪಟ್ಟಣ: ಮನಿಲಾದಂಥ ನಗರದ ಸಿಮೆಂಟು, ತಗಡು, ಡಾಂಬರು ಹಗಲು ಹೀರಿದ ಕಾವನ್ನು ರಾತ್ರಿಯಿಡೀ ಬಿಡುತ್ತವೆ.

ಇವೆಲ್ಲದರ ಮೇಲೆ ಎಲ್ ನಿನೊ ಇದೆ. ಪೆಸಿಫಿಕ್ ಸಾಗರದ ನಡುಭಾಗದ ನೀರು ವಾಡಿಕೆಗಿಂತ ಕೇವಲ ಅರ್ಧ ಡಿಗ್ರಿ ಹೆಚ್ಚಾಗಿ ತಿಂಗಳುಗಟ್ಟಲೆ ಹಾಗೇ ನಿಂತರೆ ಅದನ್ನು ಎಲ್ ನಿನೊ ಎಂದು ಕರೆಯುತ್ತಾರೆ. ಕ್ರಿಸ್ಮಸ್ ಸಮಯದಲ್ಲಿ ಕಾಣಿಸುತ್ತಿದ್ದ ಈ ಬೆಚ್ಚನೆಯ ನೀರಿಗೆ ಪೆರು ದೇಶದ ಮೀನುಗಾರರು ಬಾಲಯೇಸುವಿನ ಹೆಸರಿಟ್ಟಿದ್ದರು. ಹೆಸರು ಮುದ್ದಾಗಿದ್ದರೂ ಫಲ ಎಲ್ಲರಿಗೂ ಒಂದೇ ಅಲ್ಲ. ಎಲ್ ನಿನೊ ಬಂದಾಗ ಸಾಗರದ ನಡುವಿನ ಕಿರಿಬಾಟಿ ದ್ವೀಪಗಳಿಗೆ ಧಾರಾಳ ಮಳೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಿಗೆ ಬರ. ನಮಗೂ ಅದರ ಬಿಸಿ ತಟ್ಟುತ್ತದೆ. 2023ರ ಎಲ್ ನಿನೊ ವರ್ಷದಲ್ಲಿ ಮುಂಗಾರು ಸೊರಗಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದು ನಮಗೆ ನೆನಪಿದೆ.

2024ರ ಏಪ್ರಿಲ್ ತಿಂಗಳಲ್ಲಿ ಏನಾಯಿತು?

ಅದೇ ಎಲ್ ನಿನೊ ಮುಂದುವರಿದು 2024ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್ ಬೆಂದುಹೋಯಿತು. ಏಪ್ರಿಲ್ 27ರಂದು ಮನಿಲಾದಲ್ಲಿ 38.8 ಡಿಗ್ರಿ ದಾಖಲಾಗಿ 1915ರ ದಾಖಲೆಯನ್ನು ಮುರಿಯಿತು. ಮರುದಿನ ಜಾಂಬಾಲೆಸ್ ಪ್ರಾಂತ್ಯದ ಇಬಾ ಎಂಬ ಕರಾವಳಿ ಊರಿನಲ್ಲಿ ‘ಮೈಗೆ ತಟ್ಟುವ ಸೆಕೆ’ 53 ಡಿಗ್ರಿ ಮುಟ್ಟಿತು. ಇದು ಥರ್ಮಾಮೀಟರಿನ ಅಂಕಿ ಅಲ್ಲ. ಗಾಳಿಯ ತೇವಾಂಶವನ್ನೂ ಸೇರಿಸಿ ಹಾಕುವ ಲೆಕ್ಕ. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಈ ಲೆಕ್ಕದಲ್ಲಿ 42 ದಾಟಿದರೆ ಅಪಾಯ, 52 ಮುಟ್ಟಿದರೆ ಅತಿ ಅಪಾಯ ಎಂದು ಪಗಾಸಾ ಎಚ್ಚರಿಸುತ್ತದೆ. ಕರಾವಳಿಯಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಏಪ್ರಿಲ್ 29 ಮತ್ತು 30ರಂದು ದೇಶದ ಎಲ್ಲ ಸರ್ಕಾರಿ ಶಾಲೆಗಳಲ್ಲಿ ತರಗತಿ ನಿಲ್ಲಿಸಿ ಮಕ್ಕಳಿಗೆ ಮನೆಯಲ್ಲೇ ಓದಲು ಹೇಳಿದರು. ಲುಸಾನ್, ವಿಸಾಯಸ್‌ಗಳಲ್ಲಿ ವಿದ್ಯುತ್ ಸಾಲದೆ ಎಚ್ಚರಿಕೆ ಕೊಡಬೇಕಾಯಿತು. ಪಂತಬಂಗನ್ ಅಣೆಕಟ್ಟಿನ ನೀರು ಎಷ್ಟು ಇಳಿಯಿತೆಂದರೆ, 1970ರ ದಶಕದಲ್ಲಿ ಮುಳುಗಿದ್ದ ಹಳೇ ಊರಿನ ಇಗರ್ಜಿಯ ಅವಶೇಷಗಳು ಮೇಲೆ ಕಾಣಿಸಿದವು. ನೋಡಲು ಜನ ಬಂದರು. ಆದರೆ ಆ ನೀರನ್ನೇ ನಂಬಿದ ಗದ್ದೆಗಳ ಪಾಡು ಏನು, ಯೋಚಿಸಿ.

ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಈ ಸೆಕೆಯನ್ನು ಪರೀಕ್ಷಿಸಿತು. ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಮನುಷ್ಯರು ಭೂಮಿಯನ್ನು ಬಿಸಿ ಮಾಡಿದ್ದರಿಂದ ಒಂದು ಡಿಗ್ರಿಗೂ ಸ್ವಲ್ಪ ಹೆಚ್ಚು ಸೇರಿದೆ, ಎಲ್ ನಿನೊ ಪಾಲು ಅದಕ್ಕಿಂತ ಬಹಳ ಸಣ್ಣದು ಎಂದು ಹೇಳಿತು.

ರಾತ್ರಿಯ ಒಂದು ಡಿಗ್ರಿ, ಭತ್ತದ ಹತ್ತನೇ ಒಂದು ಪಾಲು

ಸೆಕೆ ಅಂದ ಕೂಡಲೇ ನಾವು ಮಧ್ಯಾಹ್ನದ ಬಿಸಿಲನ್ನೇ ನೆನೆಯುತ್ತೇವೆ. ರಾತ್ರಿಯ ಲೆಕ್ಕ ಯಾರೂ ಇಡುವುದಿಲ್ಲ. ಫಿಲಿಪ್ಪೀನ್ಸಿನ ಲೋಸ್ ಬಾನ್ಯೋಸ್ ಎಂಬಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ನಮ್ಮ ಹಿರಿಯರು ಬೆಳೆದ ಐ.ಆರ್. 8 ಭತ್ತ 1966ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಆ ಸಂಸ್ಥೆಯ ಹೊಲದಲ್ಲಿ 1979ರಿಂದ 2003ರವರೆಗೆ ಬರೆದಿಟ್ಟ ಲೆಕ್ಕ ನೋಡಿದಾಗ ಹಗಲಿನ ಗರಿಷ್ಠ ಉಷ್ಣಾಂಶ 0.35 ಡಿಗ್ರಿ ಏರಿತ್ತು. ರಾತ್ರಿಯ ಕನಿಷ್ಠ ಉಷ್ಣಾಂಶ 1.13 ಡಿಗ್ರಿ ಏರಿತ್ತು. ಬೇಸಿಗೆ ಬೆಳೆಯಲ್ಲಿ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿ ಹೆಚ್ಚಾದರೆ ಇಳುವರಿ ಶೇಕಡಾ 10ರಷ್ಟು ಇಳಿಯುತ್ತದೆ ಎಂದು 2004ರಲ್ಲಿ ಅಲ್ಲಿನ ವಿಜ್ಞಾನಿಗಳು ಪ್ರಕಟಿಸಿದರು. 20 ಕ್ವಿಂಟಲ್ ಬರುವ ಗದ್ದೆಯಲ್ಲಿ 2 ಕ್ವಿಂಟಲ್ ಕಡಿಮೆ!

ಇದಕ್ಕೆ ಕೊಡುವ ಒಂದು ಕಾರಣ ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯೇ. ಗಿಡ ಹಗಲು ದುಡಿಯುತ್ತದೆ, ರಾತ್ರಿ ಖರ್ಚು ಮಾಡುತ್ತದೆ. ರಾತ್ರಿ ತಂಪಾಗಿದ್ದರೆ ಖರ್ಚು ಕಡಿಮೆ, ಉಳಿದದ್ದು ಕಾಳಿಗೆ ಸೇರುತ್ತದೆ. ರಾತ್ರಿ ಬೆಚ್ಚಗಾದರೆ ಖರ್ಚು ಹೆಚ್ಚಿ ಉಳಿತಾಯ ಕರಗುತ್ತದೆ. ನಮ್ಮ ಮೈಗೂ ಹಗಲಿನ ಬಿಸಿಲಿನಿಂದ ಸುಧಾರಿಸಿಕೊಳ್ಳಲು ತಂಪು ರಾತ್ರಿ ಬೇಕೇ ಬೇಕು.

ವಾಡಿಕೆಯೇ ಮೇಲೇರುತ್ತಿದೆ

ಇನ್ನೊಂದು ಸೂಕ್ಷ್ಮ ಇದೆ. ಪ್ರತಿ ಹತ್ತು ವರ್ಷಕ್ಕೊಮ್ಮೆ ವಾಡಿಕೆಯ ಲೆಕ್ಕವನ್ನು ಹೊಸದಾಗಿ ಮಾಡುತ್ತಾರೆ. ಹಿಂದೆ 1961ರಿಂದ 1990ರ ಸರಾಸರಿಯನ್ನು ಹಿಡಿಯುತ್ತಿದ್ದರು. ಈಗಿನದು 1991ರಿಂದ 2020. ಭೂಮಿ ಬಿಸಿಯಾಗುತ್ತಿರುವುದರಿಂದ ಹೊಸ ವಾಡಿಕೆ ಹಳೆಯದಕ್ಕಿಂತ ಮೇಲಿದೆ. ಹಾಗಾಗಿ ‘ಈ ತಿಂಗಳು ವಾಡಿಕೆಯಂತೆ ಇದೆ’ ಎಂದು ವರದಿ ಬಂದರೂ, ನಮ್ಮ ತಾಯಂದಿರ ಕಾಲದ ವಾಡಿಕೆಗೆ ಹೋಲಿಸಿದರೆ ಅದು ಹೆಚ್ಚೇ ಇರಬಹುದು. ‘ನಮ್ಮ ಕಾಲದಲ್ಲಿ ಇಷ್ಟು ಸೆಕೆ ಇರಲಿಲ್ಲ’ ಎಂದು ಅಜ್ಜಿ ಹೇಳಿದರೆ ಅದನ್ನು ಬರೀ ಹಳೇ ಮಾತು ಎಂದು ತಳ್ಳಿಹಾಕಬೇಡಿ.

ನಮಗೆ ಇದರಿಂದ ಏನು ಪ್ರಯೋಜನ?

ಫಿಲಿಪ್ಪೀನ್ಸಿನವರು ಅಂಕಿ ನೋಡಿ ಸುಮ್ಮನೆ ಕೂರಲಿಲ್ಲ. ಕೊರೊನಾ ನಂತರ ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಶಾಲೆ ನಡೆಯುತ್ತಿತ್ತು. 2024ರ ಸೆಕೆಯ ನಂತರ ಜೂನ್‌ನಲ್ಲಿ ಶಾಲೆ ಆರಂಭಿಸುವ ಹಳೇ ಪದ್ಧತಿಗೆ ಮರಳಿದರು. 2025ರಲ್ಲಿ ಜೂನ್ 16ಕ್ಕೆ ತರಗತಿ ಶುರುವಾಯಿತು. ವ್ಯತ್ಯಾಸದ ಲೆಕ್ಕವನ್ನು ಬದುಕಿಗೆ ಬಳಸುವುದು ಅಂದ್ರೆ ಇದೇ.

ನಮ್ಮ ಭಾರತೀಯ ಹವಾಮಾನ ಇಲಾಖೆಯೂ ಬಿಸಿಗಾಳಿ ಘೋಷಿಸುವಾಗ ಊರಿನ ಸ್ವಭಾವ ನೋಡುತ್ತದೆ. ಬಯಲಿನಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಿದ ಮೇಲೆ, ಅದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದೆಯೇ ಎಂದು ಪರಿಶೀಲಿಸುತ್ತಾರೆ. ಆದ್ದರಿಂದ ವರದಿ ಕೇಳುವಾಗ ಮೂರು ಪ್ರಶ್ನೆ ಹಾಕಿಕೊಳ್ಳೋಣ: ಈ ಅಂಕಿ ಯಾವ ಊರಿನದು? ಹಗಲಿನದೋ ರಾತ್ರಿಯದೋ? ವಾಡಿಕೆಗಿಂತ ಎಷ್ಟು ಹೆಚ್ಚು?

ಹೆಚ್ಚಿದೆ ಎಂದು ತಿಳಿದ ದಿನ:

• ಮಧ್ಯಾಹ್ನ 12ರಿಂದ 3ರವರೆಗೆ ಗದ್ದೆ ಕೆಲಸ, ಒಲೆ ಮುಂದಿನ ಹೆಚ್ಚಿನ ಕೆಲಸ ಬೇಡ. ಬೆಳಗ್ಗೆ ಬೇಗ ಮುಗಿಸಿ.
• ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ, ಗಂಜಿ ತಿಳಿ ಕುಡಿಯಿರಿ.
• ತಗಡಿನ ಮನೆಯಲ್ಲಿರುವ ಹಸುಗೂಸು, ಬಸುರಿ, ವೃದ್ಧರನ್ನು ವಿಚಾರಿಸಿ.
• ಯಾರಾದರೂ ಮೈ ಸುಟ್ಟು ತಡವರಿಸಿ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ ನೆರಳಿಗೆ ತಂದು ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಊರಿನಲ್ಲಿ ಅತಿ ಸೆಕೆಯ ತಿಂಗಳು ಯಾವುದು? ಹಿರಿಯರ ಪ್ರಕಾರ ಮೊದಲು ಯಾವುದಿತ್ತು?
2. ಸೆಕೆಯಿಂದ ನಮ್ಮ ಸದಸ್ಯರ ಯಾವ ಆದಾಯಕ್ಕೆ ಪೆಟ್ಟು ಬೀಳುತ್ತದೆ: ಹಾಲು, ಕೋಳಿ, ಹೂವು, ಮೀನು, ಕೂಲಿ?
3. ಸೆಕೆ ಹೆಚ್ಚಾದ ದಿನ ಒಂಟಿಯಾಗಿರುವ ಯಾರ ಮನೆಗೆ ನಾವು ಹೋಗಬೇಕು? ಆ ಪಟ್ಟಿ ಇವತ್ತೇ ಬರೆಯೋಣವೇ?

ಉಳಿತಾಯದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದರೂ ನಾವು ಬಿಡುವುದಿಲ್ಲ. ಒಂದು ಡಿಗ್ರಿಯ ಲೆಕ್ಕವನ್ನೂ ಹಾಗೆಯೇ ನೋಡಲು ಕಲಿಯೋಣ.