ಅಂಗಡಿ ಮುಂಗಟ್ಟಿಗೆ ಅರ್ಧ ದುಡ್ಡು ಯಾರದು?

ಬೇಸಿಗೆಯ ಮಧ್ಯಾಹ್ನ ಮಸರಕಲ್ಲಿನಲ್ಲಿ ಬಸ್ಸಿಗೆ ನಿಂತವರನ್ನು ಒಮ್ಮೆ ನೋಡಿರಿ. ರಾಯಚೂರಿಗೆ ಹೊರಟವರು, ದೇವದುರ್ಗಕ್ಕೆ ಹೊರಟವರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು, ಕಾಲೇಜು ಹುಡುಗರು. ಹೆಚ್ಚಿನವರು ನಿಂತಿರುವುದು ಯಾರ ನೆರಳಿನಲ್ಲಿ? ಯಾವನೋ ಒಬ್ಬ ಅಂಗಡಿಕಾರ ತನ್ನ ಕೈಯಿಂದ ಖರ್ಚು ಮಾಡಿ ಮುಂದೆ ಹಾಕಿಸಿದ ನಾಲ್ಕು ಪತ್ರಾಸಿನ ನೆರಳಿನಲ್ಲಿ! "ಬಿಸಿಲಾಗ ಯಾಕ ನಿಂತೀರಿ, ಒಳಗ ಬರ್ರಿ" ಅಂತ ಕರೆಯುವವನೂ ಅವನೇ. ಕುಡಿಯಲು ನೀರು ಕೊಡುವವನೂ ಅವನೇ.

ರಸ್ತೆ ಅಗಲ ಮಾಡುವ ಸುದ್ದಿ ಬಂದರೆ ಮೊದಲು ಕೆಳಗಿಳಿಯುವುದೂ ಅದೇ ಪತ್ರಾಸು. ಇದು ಮಸರಕಲ್ ಒಂದರ ಕಥೆಯಲ್ಲ. ಗಬ್ಬೂರು, ಸಿರವಾರ, ಮಾನ್ವಿ, ರಾಯಚೂರಿನ ಸ್ಟೇಷನ್ ರಸ್ತೆ, ಎಲ್ಲಿ ಹೋದರೂ ರಸ್ತೆ ಬದಿಯ ವ್ಯಾಪಾರಸ್ಥನಿಗೆ ಗೊತ್ತಿರುವ ಸರಕಾರ ಎರಡೇ. ಒಂದು ನೋಟೀಸಿನ ಸರಕಾರ, ಇನ್ನೊಂದು ಜೆಸಿಬಿ ಸರಕಾರ. ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಪೂರ್ತಿ ಕಟ್ಟಿದರೆ ನಗರ, ಪಟ್ಟಣಗಳಲ್ಲಿ ಶೇಕಡ 5 ರಿಯಾಯಿತಿ ಉಂಟು. ಅಂಗಡಿಕಾರನಿಗೆ ವಾಪಸು ಬರುವ ಮರ್ಯಾದೆ ಅಷ್ಟೇ.

ಮೂರನೆಯ ಸರಕಾರವೊಂದು ಇರಲು ಸಾಧ್ಯವೇ? "ನೀನು ಅರ್ಧ ಹಾಕು, ನಾವು ಅರ್ಧ ಹಾಕ್ತೀವಿ, ನಿನ್ನ ಮುಂಗಟ್ಟು ಚಂದ ಆಗಲಿ, ಊರ ರಸ್ತೆನೂ ಚಂದ ಆಗಲಿ" ಅನ್ನುವ ಸರಕಾರ?

ನಗಬೇಡಿ, ಓದುಗರೇ. ಹೀಗೆ ಮಾಡುವ ಊರುಗಳು ಭೂಮಿಯ ಮೇಲೆ ಇವೆ. ಇದಕ್ಕೆ ಸಮಪಾಲು ಅನುದಾನ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅರ್ಧಾ-ಅರ್ಧಾ.

ಹೊರಗಿನವರು ಮಾಡಿದ್ದು

ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಮ್ಯಾಗ್ಡಲೆನ್ ಬೀದಿ ಅಂತ ಒಂದು ಹಳೆಯ ಬಜಾರು. ಬಣ್ಣ ಹೋದ ಗೋಡೆ, ಒಂದರ ಮೇಲೊಂದು ಬೋರ್ಡು, ಜೋತುಬಿದ್ದ ತಂತಿ. ನಮ್ಮ ತೀನ್ ಕಂದಿಲ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿವಿಕ್ ಟ್ರಸ್ಟ್ ಎಂಬ ಸಂಸ್ಥೆ ಬೀದಿಯ ವ್ಯಾಪಾರಿಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿತು. ಬಣ್ಣ ಹೇಗಿರಬೇಕು, ಬೋರ್ಡಿನ ಅಕ್ಷರ ಹೇಗಿರಬೇಕು, ಬೇಡದ್ದು ಏನನ್ನು ತೆಗೆಯಬೇಕು ಎಂದು ಎಲ್ಲರೂ ಒಪ್ಪಿಕೊಂಡರು. 1959ರಲ್ಲಿ ಇಡೀ ಬೀದಿ ಹೊಸದಾಗಿ ನಿಂತಿತು. ಒಂದೇ ಒಂದು ಕಟ್ಟಡ ಕೆಡವದೆ!

ಅಮೆರಿಕದಲ್ಲಿ ಸಣ್ಣ ಊರುಗಳ ಬಜಾರುಗಳು ಹೆದ್ದಾರಿ ಪಕ್ಕದ ದೊಡ್ಡ ಮಾರಾಟ ಕೇಂದ್ರಗಳ ಮುಂದೆ ಸೊರಗತೊಡಗಿದಾಗ, 1977ರಲ್ಲಿ ಮೂರು ಊರುಗಳನ್ನು ಆರಿಸಿ 'ಮೇನ್ ಸ್ಟ್ರೀಟ್' ಎಂಬ ಪ್ರಯೋಗ ಶುರುವಾಯಿತು. 1980ರಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಇವತ್ತು ಅಲ್ಲಿಯ ಅನೇಕ ನಗರಸಭೆಗಳು ಮುಖ್ಯ ರಸ್ತೆಯ ಅಂಗಡಿಯ ಬಾಗಿಲು, ಚಾವಣಿ, ದೀಪ, ಬೋರ್ಡು ಸುಧಾರಿಸಲು ಖರ್ಚಿನಲ್ಲಿ ಪಾಲು ಕೊಡುತ್ತವೆ. ಶಿಕಾಗೊ ನಗರದ ಸಣ್ಣ ವ್ಯಾಪಾರ ಸುಧಾರಣಾ ನಿಧಿಯಂತೂ ಅರ್ಧಕ್ಕಿಂತ ಹೆಚ್ಚೂ ಕೊಡುವುದುಂಟು. ಕಟ್ಟಡದ ಮಾಲೀಕನಷ್ಟೇ ಅಲ್ಲ, ಬಾಡಿಗೆದಾರನೂ ಅರ್ಜಿ ಹಾಕಬಹುದು.

ಆ ದುಡ್ಡು ಎಲ್ಲಿಂದ ಬಂತು ಅನ್ನುತ್ತೀರಾ? ಅದೇ ಪ್ರದೇಶದ ತೆರಿಗೆಯಿಂದ. ಒಂದು ಬೀದಿ ಸುಧಾರಿಸಿದರೆ ಅಲ್ಲಿಯ ಆಸ್ತಿ ಬೆಲೆ ಏರುತ್ತದೆ. ಬೆಲೆ ಏರಿದರೆ ತೆರಿಗೆ ಏರುತ್ತದೆ. ಹಾಗೆ ಏರಿದ ಭಾಗವನ್ನು ತೆಗೆದಿಟ್ಟು ಅಲ್ಲಿಗೇ ಖರ್ಚು ಮಾಡುವುದು. ಹಾಲು ಕೊಟ್ಟ ಎಮ್ಮೆಗೇ ಹಿಂಡಿ ಇಟ್ಟಂತೆ.

ನಮ್ಮ ದೇಶದಲ್ಲಿ ಬೇರೆ ರೀತಿ. ಅಮೃತಸರದ ಸುವರ್ಣ ಮಂದಿರಕ್ಕೆ ಹೋಗುವ ದಾರಿಯಲ್ಲಿ 2016ರಲ್ಲಿ ಸರಕಾರವೇ ಎಲ್ಲ ಅಂಗಡಿಗಳಿಗೂ ಒಂದೇ ಬಗೆಯ ಮುಂಗಟ್ಟು ಕಟ್ಟಿಸಿತು. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದರು. ದೊಡ್ಡ ದೇವರು, ದೊಡ್ಡ ಶಹರ ಇದ್ದಲ್ಲಿ ದೊಡ್ಡ ದುಡ್ಡು. ಬಸ್ ನಿಲ್ಲುವ ಸಣ್ಣ ಊರಿಗೆ?

ಪಾಯಖಾನೆಯಲ್ಲಿ ಕಲಿತ ಪಾಠ

"ಖಾಸಗಿ ಗೋಡೆಗೆ ಸರಕಾರದ ದುಡ್ಡು ಯಾಕ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಉತ್ತರ ನಮ್ಮ ಹಿತ್ತಲಲ್ಲೇ ಇದೆ. ಸ್ವಚ್ಛ ಭಾರತದ ಹೆಸರಲ್ಲಿ ಮನೆಮನೆಯ ಪಾಯಖಾನೆಗೆ 12,000 ರೂಪಾಯಿ ಕೊಟ್ಟರಲ್ಲ, ಅದು ಖಾಸಗಿ ಗೋಡೆ ಅಲ್ಲವೇ? ಕೃಷಿಭಾಗ್ಯದಲ್ಲಿ ಹೊಂಡಕ್ಕೆ ಶೇಕಡ 80, ಪರಿಶಿಷ್ಟರಿಗೆ ಶೇಕಡ 90 ಸಹಾಯಧನ ಕೊಟ್ಟರಲ್ಲ, ಅದು ಖಾಸಗಿ ಹೊಲ ಅಲ್ಲವೇ? ಒಬ್ಬನ ಪಾಯಖಾನೆಯಿಂದ ಊರ ಆರೋಗ್ಯ ಉಳಿಯುತ್ತದೆ ಅಂತ ಕೊಟ್ಟರು. ಅಂಗಡಿಯ ಮುಂಗಟ್ಟಿನಿಂದ ಊರಿಗೆ ನೆರಳು, ಬೆಳಕು, ನಡೆಯಲು ಜಾಗ ಸಿಗುವುದಾದರೆ ಅದಕ್ಕೂ ಕೊಡಬಹುದು. ಸಿಗದಿದ್ದರೆ ಒಂದು ಪೈಸೆ ಕೊಡಬಾರದು.

ಈಗ ಇರುವ ಯೋಜನೆಗಳನ್ನೂ ಹೇಳಿಬಿಡೋಣ. 2015ರಿಂದ ಮುದ್ರಾ ಸಾಲ ಇದೆ. 2020ರಿಂದ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಸಾಲ ಇದೆ. ಎರಡೂ ಸಾಲವೇ, ತೀರಿಸಬೇಕು. ಖಡಕ್ ರೊಟ್ಟಿ, ಖಾರದ ಪುಡಿ, ಹಪ್ಪಳ ಮಾಡುವ ಸಣ್ಣ ಘಟಕಗಳಿಗೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಕೇಂದ್ರದ ಶೇಕಡ 35ರ ಮೇಲೆ ನಮ್ಮ ರಾಜ್ಯ ಶೇಕಡ 15 ಸೇರಿಸಿ ಅರ್ಧ ಸಹಾಯಧನ ಮಾಡಿತು. ಅರ್ಧಾ-ಅರ್ಧಾ ನಮ್ಮ ಸರಕಾರಕ್ಕೆ ಗೊತ್ತಿಲ್ಲದ ಲೆಕ್ಕವೇನೂ ಅಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅದು ಯಂತ್ರಕ್ಕೆ, ಘಟಕಕ್ಕೆ. ರಸ್ತೆ ಬದಿಯ ಮುಂಗಟ್ಟಿಗೆ ಅಲ್ಲ.

ಮುಂಗಟ್ಟಿನ ಬಗ್ಗೆ ಕಾನೂನು ಬಂದಿಲ್ಲವೇ? ಬಂದಿದೆ! 2024ರ ತಿದ್ದುಪಡಿಯಂತೆ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು. ಒಳ್ಳೆಯ ಕಾನೂನು, ಬೇಕಾದ ಕಾನೂನು. ಹೊಸ ಬೋರ್ಡು ಬರೆಸಿದ ಖರ್ಚು ಮಾತ್ರ ಅಂಗಡಿಯವನದೇ.

ಮೂರು ಬೀಗ

ಇಷ್ಟು ಓದಿ "ಹಂಗಾದ್ರ ನಾಳೆನೇ ಅರ್ಜಿ ಹಾಕೋಣ" ಅಂತ ಎದ್ದೀರಿ, ಸಾವಕಾರ್ರೇ, ಕೂಡ್ರಿ. ಇಂಥ ಯೋಜನೆ ನಮ್ಮಲ್ಲಿ ಬಂದರೂ ಅದರ ಬಾಗಿಲಿಗೆ ಮೂರು ಬೀಗ ಇರುತ್ತವೆ. ಬೀಗದಕೈ ಈಗಲೇ ಮಾಡಿಸದಿದ್ದರೆ ಯೋಜನೆ ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು.

ಮೊದಲನೆಯ ಬೀಗ ಕಾಗದದ್ದು. ಪಂಚಾಯಿತಿ ಊರಿನಲ್ಲಿ ಆಸ್ತಿಗೆ ಇ-ಸ್ವತ್ತಿನ ನಮೂನೆ 9, ನಮೂನೆ 11ಎ ಬೇಕು. ರಸ್ತೆ ಬದಿ ಅಜ್ಜನ ಕಾಲದಿಂದ ಕುಂತವನ ಹತ್ತಿರ ಕರೆಂಟ್ ಬಿಲ್ ಇರುತ್ತದೆ, ಕರ ಕಟ್ಟಿದ ರಶೀದಿ ಇರುತ್ತದೆ, ಈ ಎರಡು ನಮೂನೆ ಇರುವುದಿಲ್ಲ. ಮೇಲೆ ಕರ್ನಾಟಕ ಹೆದ್ದಾರಿಗಳ ಕಾಯಿದೆ, 1964 ಇದೆ. ಹೆದ್ದಾರಿ ಬದಿ ಕಟ್ಟಡ ಎಲ್ಲಿಗೆ ನಿಲ್ಲಬೇಕು ಎಂದು ಗೆರೆ ಎಳೆಯುವ ಅಧಿಕಾರ ಅದರಲ್ಲಿದೆ. ಗೆರೆಯ ಈಚೆ ಇರುವ ಪತ್ರಾಸಿಗೆ ಅನುದಾನ ಕೇಳಿದರೆ ಅನುದಾನದ ಬದಲು ನೋಟೀಸು ಬಂದೀತು. ಆದ್ದರಿಂದ ಮೊದಲು ಗೆರೆ ಎಲ್ಲಿದೆ ಎಂದು ಎಲ್ಲರೆದುರು ಅಳೆದು, ಕಲ್ಲು ನೆಟ್ಟು ತೋರಿಸಲಿ. ಸ್ವಂತ ಜಾಗ ರಸ್ತೆಗೆ ಹೋದವರಿಗೆ 2013ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರ ಸಿಗಲಿ. ಗೆರೆಯ ಆಚೆ ಉಳಿದವನಿಗೆ "ಇನ್ನು ನಿನ್ನನ್ನು ಮುಟ್ಟುವುದಿಲ್ಲ, ಮುಂಗಟ್ಟು ಕಟ್ಟಿಕೋ" ಎಂಬ ಮಾತು ಸಿಗಲಿ. ನಾಳೆ ಕೆಡವುತ್ತಾರೋ ಏನೋ ಎಂದು ಹೆದರಿದವನು ಇವತ್ತು ಬಣ್ಣ ಹಚ್ಚುತ್ತಾನೆಯೇ?

ಎರಡನೆಯ ಬೀಗ ಮೊದಲ ದುಡ್ಡಿನದು. ಪಾಯಖಾನೆ ಕಟ್ಟಿದವರಿಗೆಲ್ಲ ಗೊತ್ತು. ಮೊದಲು ಕಟ್ಟು, ಫೋಟೋ ಹೊಡಿಸು, ಆಮೇಲೆ ದುಡ್ಡು. ಶಿಕಾಗೊದಲ್ಲೂ ಹಾಗೇ, ಕೆಲಸ ಮುಗಿದ ಮೇಲೆಯೇ ವಾಪಸು. ಲೆಕ್ಕಕ್ಕೆ ಹೇಳೋಣ. ಹತ್ತು ಅಡಿ ಅಂಗಡಿಯ ಮುಂಗಟ್ಟಿಗೆ 60,000 ರೂಪಾಯಿ ಖರ್ಚು. ಅಂಗಡಿಯವನ ಅರ್ಧ 30,000 ಹೆಂಗೋ ಹೊಂದಿಸಿದ. ಸರಕಾರದ ಅರ್ಧ ಬರುವ ತನಕ ಇನ್ನು 30,000ವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದ. ಬಿಲ್ ಪಾಸಾಗಲು ಒಂದು ವರ್ಷ ಹಿಡಿದರೆ ಬಡ್ಡಿ ಎಷ್ಟಾಯಿತು? 10,800! ಸರಕಾರ ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಡ್ಡಿಯವನ ಪಾಲಾಯಿತು. ಕೈಯಲ್ಲಿ ರೊಕ್ಕ ಇದ್ದ ದೊಡ್ಡ ಅಂಗಡಿಯವನಿಗೆ ಮಾತ್ರ ಪೂರ್ತಿ ಲಾಭ. ಆದ್ದರಿಂದ ಕೆಲಸ ಶುರುವಾಗುವಾಗ ಒಂದು ಕಂತು, ಮುಗಿದಾಗ ಇನ್ನೊಂದು ಕಂತು ಕೊಡಬೇಕು. ಬಿಲ್ ಪಾಸಾಗಲು ದಿನದ ಗಡುವು ಇರಬೇಕು.

ಮೂರನೆಯದು ದೊಡ್ಡ ಬೀಗ. ಬಾಡಿಗೆಯದು. ರಸ್ತೆ ಬದಿ ಗಲ್ಲಾದ ಮೇಲೆ ಕುಂತವರೆಲ್ಲ ಮಾಲೀಕರಲ್ಲ. ಎಷ್ಟೋ ಮಂದಿ ಬಾಡಿಗೆದಾರರು. ಅನುದಾನ ಬಂತು, ಮುಂಗಟ್ಟು ಚಂದ ಆಯಿತು ಎನ್ನಿ. ಮರುತಿಂಗಳು ಮಾಲೀಕ ಬಂದು "ಅಂಗಡಿ ಹೊಸದಾಗ್ಯದ, ತಿಂಗಳಿಗೆ ಐನೂರು ಜಾಸ್ತಿ ಮಾಡು" ಅಂದರೆ? ವರ್ಷಕ್ಕೆ 6,000, ಐದು ವರ್ಷಕ್ಕೆ 30,000. ಸರಕಾರ ಕೊಟ್ಟ ಅರ್ಧ ಅಷ್ಟೂ ಬಾಡಿಗೆದಾರನ ಗಲ್ಲಾದಿಂದಲೇ ಹೊರಬಿತ್ತು! ಅವನು ಹಾಕಿದ ಅರ್ಧ ಬೇರೆ. ಕೊನೆಗೆ ಅವನನ್ನೇ ಬಿಡಿಸಿ ಬೇರೆಯವನಿಗೆ ಕೊಟ್ಟರೆ ಕೇಳುವವರು ಯಾರು? ಅನುದಾನ ಪಡೆದ ಅಂಗಡಿಯಲ್ಲಿ ಐದು ವರ್ಷ ಬಾಡಿಗೆ ಏರಿಸುವುದಿಲ್ಲ, ಬಾಡಿಗೆದಾರನನ್ನು ಬಿಡಿಸುವುದಿಲ್ಲ ಎಂದು ಮಾಲೀಕನಿಂದ ಛಾಪಾ ಕಾಗದದ ಮೇಲೆ ಬರೆಸಿಕೊಂಡು ರುಜು ಹಾಕಿಸಿದ ಮೇಲೆಯೇ ದುಡ್ಡು ಬಿಡಬೇಕು.

ಗಟಾರ ಮೊದಲು, ಬಣ್ಣ ಆಮೇಲೆ

ಇನ್ನೊಂದು ಮಾತು. ಮುಂದೆ ಗಟಾರ ತುಂಬಿ ಹರಿಯುತ್ತಿದ್ದರೆ ಗುಲಾಬಿ ಬಣ್ಣ ಹಚ್ಚಿ ಏನು ಫಲ? ನಾರ್ವಿಚ್‌ನಲ್ಲಿ ಮಾಡಿದಂತೆ ಇಡೀ ಬೀದಿಯನ್ನು ಒಟ್ಟಿಗೆ ಹಿಡಿಯಬೇಕು. ಗಟಾರ, ಅದರ ಮೇಲಿನ ಕಲ್ಲು, ದೀಪದ ಕಂಬ, ಇವು ಪೂರ್ತಿ ಸ್ಥಳೀಯ ಸಂಸ್ಥೆಯ ಖರ್ಚು. ಅವು ಮುಗಿದ ಮೇಲೆ ಅಂಗಡಿ ಮುಂಗಟ್ಟು, ಅರ್ಧಾ-ಅರ್ಧಾ. ಬೀದಿ ಬದಿ ತಳ್ಳುಗಾಡಿಯವರನ್ನು ಅಂದ ಹಾಳಾಗುತ್ತದೆಂದು ಓಡಿಸುವಂತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರಿಗೂ ರಕ್ಷಣೆ ಕೊಟ್ಟಿದೆ.

ದುಡ್ಡು ಎಲ್ಲಿಂದ? ರಾಯಚೂರು ಈಗ ಮಹಾನಗರ ಪಾಲಿಕೆ. ದೇವದುರ್ಗ, ಮಾನ್ವಿಗಳಲ್ಲಿ ಪುರಸಭೆ ಇದೆ. ಒಂದೊಂದು ಊರು ಒಂದೇ ಒಂದು ರಸ್ತೆ ಆರಿಸಿ, ಆ ರಸ್ತೆಯ ತೆರಿಗೆಯಲ್ಲಿ ಏರಿದ ಭಾಗವನ್ನು ಅಲ್ಲಿಗೇ ಮೀಸಲಿಟ್ಟು ನೋಡಲಿ. ಮಸರಕಲ್ಲಿನಂಥ ಪಂಚಾಯಿತಿ ಊರಿಗೆ ಅಷ್ಟು ತೆರಿಗೆ ಎಲ್ಲಿಂದ ಬರಬೇಕು? 371ಜೆ ವಿಧಿಯ ಬಲದಿಂದ 2013ರಲ್ಲಿ ಬಂದ ಮಂಡಳಿಗೆ, ಈಗಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, 2025-26ರ ರಾಜ್ಯ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ್ದರು. ಕಟ್ಟಡ, ರಸ್ತೆ ಆಗಲಿ, ಬೇಡ ಅನ್ನುವವರು ಯಾರೂ ಇಲ್ಲ. ಅದರಲ್ಲಿ ಒಂದು ಚೂರು ಬಸ್ ನಿಲ್ಲುವ ಹಳ್ಳಿಗಳ ಮುಂಗಟ್ಟಿಗೂ ಬರಲಿ ಎಂದು ಕೇಳುವುದು ತಪ್ಪಲ್ಲ.

ಮೂರು ಅಡಿ ನೆರಳು

ಕೊನೆಗೆ ಬಸ್ಸಿಗೆ ನಿಂತವರ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ. ಟಿಕೆಟ್ಟಿಗೆ ದುಡ್ಡಿಲ್ಲ, ನಿಜ. ಬಸ್ಸು ಬರುವ ತನಕ ನಿಲ್ಲುವ ಬಿಸಿಲಿಗೆ ರಿಯಾಯಿತಿ ಇಲ್ಲ. ಆದ್ದರಿಂದ ಅನುದಾನದ ಮೊದಲ ಷರತ್ತು ಇದೇ ಇರಲಿ: ಸಾರ್ವಜನಿಕರ ಅರ್ಧ ದುಡ್ಡು ಪಡೆದ ಪ್ರತಿ ಅಂಗಡಿಯೂ ಗೆರೆಯೊಳಗೇ ಮೂರು ಅಡಿ ನೆರಳನ್ನು ಸಾರ್ವಜನಿಕರಿಗೆ ಬಿಡಬೇಕು. ಅಲ್ಲಿ ಡಬ್ಬ ಇಡಬಾರದು, ಚೀಲ ಪೇರಿಸಬಾರದು, ನಿಂತವರನ್ನು ಎಬ್ಬಿಸಬಾರದು. ಹತ್ತು ಅಂಗಡಿ ಸಾಲಾಗಿ ಹೀಗೆ ಬಿಟ್ಟರೆ ನೂರು ಅಡಿ ನೆರಳಾಯಿತು. ಅಷ್ಟು ಉದ್ದದ ಬಸ್ ತಂಗುದಾಣ ಯಾವ ಹಳ್ಳಿಯಲ್ಲಿದೆ, ಹೇಳಿ ನೋಡೋಣ?

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕೆಂದು ಕಾನೂನಿದೆ. ಮುಂದಿನ ಸಭೆಗೆ ಅಂಗಡಿಯವರೂ ಬರಲಿ, ಬಸ್ಸಿಗೆ ನಿಲ್ಲುವವರೂ ಬರಲಿ. ಇಬ್ಬರೂ ಬೇರೆ ಬೇರೆ ಕೇಳಿದರೆ ಇಬ್ಬರಿಗೂ "ನೋಡೋಣ" ಎಂಬ ಉತ್ತರ ಸಿಗುತ್ತದೆ. ಒಟ್ಟಿಗೆ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿಕೊಂಡು ರುಜು ಹಾಕಿ ಬನ್ನಿ.

ಇಷ್ಟು ವರ್ಷ ಅಂಗಡಿಕಾರ ಪೂರ್ತಿ ದುಡ್ಡು ತಾನೇ ಹಾಕಿ ಊರಿಗೆ ನೆರಳು ಕೊಟ್ಟಿದ್ದಾನೆ. ಇನ್ನು ಮುಂದೆ ಅರ್ಧ ಊರೂ ಹಾಕಲಿ.