ಬಸುರಿಯ ರಕ್ತದಲ್ಲೊಂದು ಬಣ್ಣವಿಲ್ಲದ ಬೆರಗು

ಕೆಮ್ಮಣ್ಣುಗುಂಡಿಯಲ್ಲಿ ಕಾಲಿಗಂಟುವ ಕೆಂಪು ಕಬ್ಬಿಣದ ಕೆಂಪು. ಈ ಬೆಟ್ಟದ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಕುಲುಮೆಗೆ ಇಳಿದು ಹೋಗುತ್ತಿತ್ತು. ನಮ್ಮ ರಕ್ತಕ್ಕೆ ಬಣ್ಣ ಕೊಟ್ಟಿರುವುದೂ ಅದೇ ಕಬ್ಬಿಣ. ಬಸುರಿಗೆ ಐರನ್ ಮಾತ್ರೆ ಕೊಡಬೇಕೆಂಬುದು ತೋಟದ ಲೈನ್ ಮನೆಯ ಅಜ್ಜಿಗೂ ಗೊತ್ತು. ಆದರೆ ಆ ಕೆಂಪಿನ ನಡುವೆಯೇ, ಬಣ್ಣವಿಲ್ಲದ ಒಂದು ಚೂರು ಒಂಬತ್ತು ತಿಂಗಳೂ ಆಡುವ ಆಟವಿದೆಯಲ್ಲ, ಅದನ್ನು ತಿಳಿದರೆ ಮೈ ಜುಮ್ಮೆನ್ನುತ್ತದೆ!

ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ದುಂಡನೆಯ ಕೆಂಪುಕಣಗಳ ಸಂತೆಯಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕಿ. ಅಗಲ ಎರಡು ಮೂರು ಮೈಕ್ರಾನ್, ಅಷ್ಟೇ. ಅದೇ ಪ್ಲೇಟ್‌ಲೆಟ್. 1882ರಲ್ಲಿ ಇಟಲಿಯ ಜೂಲಿಯೋ ಬಿಟ್ಸೊಜೆರೊ ಇದರ ಕೆಲಸವನ್ನು ಗುರುತಿಸಿದರು: ಗಾಯವಾದಲ್ಲಿಗೆ ಧಾವಿಸಿ ರಕ್ತ ನಿಲ್ಲಿಸುವುದು. ಮೂಳೆಮಜ್ಜೆಯ ದೈತ್ಯ ಕೋಶವೊಂದು ತನ್ನನ್ನೇ ಸಾವಿರಾರು ಚೂರುಗಳಾಗಿ ಹರಿದು ಇವನ್ನು ರಕ್ತಕ್ಕೆ ಬಿಡುತ್ತದೆ. ದಿನಕ್ಕೆ ಸುಮಾರು 10,000 ಕೋಟಿ! ಚೂರಾದ್ದರಿಂದ ಕೋಶಕೇಂದ್ರವಿಲ್ಲ. ಆಯುಸ್ಸು ಎಂಟು ಹತ್ತು ದಿನ. ಕೋಶಕೇಂದ್ರವಿಲ್ಲ ಎಂಬ ಮಾತು ನೆನಪಿರಲಿ, ಮುಂದೆ ಅದರಿಂದಲೇ ಒಂದು ಪವಾಡ ನಡೆಯಲಿದೆ.

ಮಲೆನಾಡಿನಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದರೆ ಡೆಂಗಿ ಎಂದೇ ಭಯ. ಹಾಗಾಗಿ ಆರೋಗ್ಯವಾಗಿರುವ ಬಸುರಿಯ ರಿಪೋರ್ಟಿನಲ್ಲಿ 1.4 ಲಕ್ಷ ಎಂದಿದ್ದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಆದರೆ ಬಸಿರಿನಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಸಹಜ! ಅಮೆರಿಕದ ಒಕ್ಲಹೋಮದಲ್ಲಿ ಸಾವಿರಾರು ಗರ್ಭಿಣಿಯರ ಲೆಕ್ಕ ಇಟ್ಟ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬಸುರಿಯರಲ್ಲದವರ ಸರಾಸರಿ 2.73 ಲಕ್ಷ, ತೊಂದರೆಯಿಲ್ಲದೆ ಹೆರುವವರದ್ದು ಹೆರಿಗೆಯ ಹೊತ್ತಿಗೆ 2.17 ಲಕ್ಷ. ಇಳಿತ ಮೊದಲ ಮೂರು ತಿಂಗಳಲ್ಲೇ ಶುರು. ತಾಯಿಯ ಮೈಯಲ್ಲಿ ರಕ್ತದ ನೀರಿನಂಶ ಅರ್ಧಕ್ಕರ್ಧ ಹೆಚ್ಚುವಾಗ ಚೂರುಗಳು ತೆಳುವಾಗಿ ಹಂಚಿಹೋಗುತ್ತವೆ. ಗುಲ್ಮದಲ್ಲೂ ಮಾಸಿನಲ್ಲೂ ಒಂದಿಷ್ಟು ತಂಗುತ್ತವೆ. ಬಾಣಂತನದ ಕೆಲವೇ ವಾರಗಳಲ್ಲಿ ಎಲ್ಲ ಮೊದಲಿನಂತೆ.

ಆದರೆ ಇಳಿತ ಅಪಾಯದ ಗುರುತಾಗುವುದೂ ಉಂಟು, ಬಸಿರಿನಲ್ಲಿ ಬಿ.ಪಿ. ಏರುವ ಪ್ರಿ-ಎಕ್ಲಾಂಪ್ಸಿಯಾ ಕಾಯಿಲೆಯಲ್ಲಿ. ಹಿಂದಿನವರು ಬಸುರಿಯ ನಂಜು ಎಂದದ್ದು ಇದನ್ನೇ. ಮಾಸು ಬೇರೂರುವಾಗ ಗರ್ಭಕೋಶದ ಸುರುಳಿ ರಕ್ತನಾಳಗಳು ಬಿರಿದು ಅಗಲವಾಗಬೇಕು. ಆಗದಿದ್ದರೆ ಮಾಸಿಗೆ ರಕ್ತ ಸಾಲದು. ಆಗ ಅದು ತಾಯಿಯ ರಕ್ತಕ್ಕೆ ಬಿಡುವ ವಸ್ತುಗಳು ಮೈತುಂಬ ರಕ್ತನಾಳಗಳ ಒಳಪದರವನ್ನೇ ಘಾಸಿಗೊಳಿಸುತ್ತವೆ. ಪ್ಲೇಟ್‌ಲೆಟ್‌ಗೆ ಕಾಣುವುದು ಗಾಯ! ಎಲ್ಲೆಲ್ಲೂ ಗಾಯ! ಓಡಿ ಹೋಗಿ ಅಂಟುತ್ತದೆ, ಅಲ್ಲೇ ಖರ್ಚಾಗುತ್ತದೆ. ಮಜ್ಜೆ ಗಡಿಬಿಡಿಯಲ್ಲಿ ಎಳೆಯ, ದೊಡ್ಡ ಗಾತ್ರದವನ್ನು ಕಳಿಸುತ್ತದೆ. ಇಲ್ಲಿ ಎಣಿಕೆ ಇಳಿಯುವುದು ಹಂಚಿಹೋಗಿ ಅಲ್ಲ, ಕಾದಾಡಿ ಸತ್ತು. 20 ವಾರ ದಾಟಿದ ಮೇಲೆ ಬಿ.ಪಿ. 140/90 ಮುಟ್ಟಿದ ಬಸುರಿಗೆ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದರೆ ಕಾಯಿಲೆ ಉಲ್ಬಣವಾಗಿದೆ ಎಂದೇ ಅರ್ಥ.

ಪವಾಡ ಈಗ. ಈ ಕಾಯಿಲೆ ತಡೆಯಲು ಕೊಡುವ ಆಸ್ಪಿರಿನ್‌ನ ಒಂದು ಚಿಕ್ಕ ಮಾತ್ರೆ ಪ್ಲೇಟ್‌ಲೆಟ್‌ನೊಳಗಿನ ಕಿಣ್ವವೊಂದನ್ನು ಕೆಡಿಸುತ್ತದೆ. ಕೋಶಕೇಂದ್ರವಿಲ್ಲದ ಚೂರು ಹೊಸ ಕಿಣ್ವ ಮಾಡಿಕೊಳ್ಳಲಾರದು, ಸಾಯುವವರೆಗೂ ಅದರ ಆವೇಶ ಇಳಿದೇ ಇರುತ್ತದೆ. ರಕ್ತನಾಳದ ಗೋಡೆಯ ಕೋಶಕ್ಕಾದರೋ ಕೇಂದ್ರವಿದೆ, ಅದು ಕೆಲವೇ ಗಂಟೆಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಒಂದೇ ಮದ್ದು, ಒಬ್ಬರಿಗೆ ಕಡಿವಾಣ, ಇನ್ನೊಬ್ಬರಿಗೆ ಬಿಡುಗಡೆ! ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರಲ್ಲಿ ಈ ಮಾತ್ರೆಯನ್ನು ಪರೀಕ್ಷಿಸಿದಾಗ ನಮ್ಮ ಬೆಳಗಾವಿಯೂ ಅದರಲ್ಲಿತ್ತು. 2020ರಲ್ಲಿ ಬಂದ ಫಲಿತಾಂಶ: ಅವಧಿಗೆ ಮುನ್ನದ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. 11,000 ಚೊಚ್ಚಲ ಬಸುರಿಯರನ್ನು ಸೇರಿಸಿ, ಪ್ರಿ-ಎಕ್ಲಾಂಪ್ಸಿಯಾ ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೇ, 500 ಸಾಕೇ ಎಂದು ಕೇಳಿತು. 500 ತೆಗೆದುಕೊಂಡವರಲ್ಲಿ ಶೇ 3ರಷ್ಟು, 1,500 ತೆಗೆದುಕೊಂಡವರಲ್ಲಿ ಶೇ 3.6ರಷ್ಟು ಮಂದಿಗೆ ಈ ಕಾಯಿಲೆ ಬಂತು. ಕಡಿಮೆ ಪ್ರಮಾಣವೂ ಅಷ್ಟೇ ಚೆನ್ನಾಗಿ ಕಾಯುತ್ತದೆ ಎಂದು 2024ರಲ್ಲಿ ಲೋಕಕ್ಕೆ ತಿಳಿಯಿತು. ನಮ್ಮೂರ ಹೆಣ್ಣುಮಕ್ಕಳು ಜಗತ್ತಿಗೆ ಕೊಟ್ಟ ಉತ್ತರವಿದು!

ಆಸ್ಪಿರಿನ್ ಯಾರಿಗೆ ಬೇಕು, ಎಷ್ಟು ಬೇಕು ಎಂದು ಡಾಕ್ಟರೇ ಹೇಳಬೇಕು. ಅಂಗಡಿಯಿಂದ ತಂದು ನುಂಗುವಂಥದ್ದಲ್ಲ. ಆದರೆ ಬಿ.ಪಿ. ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸುವುದು ನಿಮ್ಮ ಕೈಯಲ್ಲಿದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಯ ಕೆಳಗೆ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಮಲಗಿಸಬೇಡಿ. ಘಟ್ಟದ ತಿರುವುಗಳನ್ನಿಳಿದು ತರೀಕೆರೆ ಸೇರುವುದಕ್ಕೆ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟುವುದಕ್ಕೆ ಹೊತ್ತು ಬೇಕು. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಹೆರಿಗೆಯಾದ ಮೇಲೂ ಆರು ವಾರ ಈ ಎಚ್ಚರ ಬಿಡಬೇಡಿ.