ಇಮೇಜ್‌ನಿಂದ ರೂಟ್ ಫೈಲ್ ಸಿಸ್ಟಮ್: ಪದರಗಳನ್ನು ಒಂದಾಗಿಸುವ ಒಂದು ಸಣ್ಣ ಉಪಕರಣ

ಕಂಪ್ಯೂಟರ್ ಪಾಠದಲ್ಲಿ ‘ಕಂಟೇನರ್’ ಎಂಬ ಪದ ಬಂದ ಕೂಡಲೇ ಹಡಗಿನ ಮೇಲೆ ಪೇರಿಸಿದ ಕಬ್ಬಿಣದ ಪೆಟ್ಟಿಗೆಗಳ ಚಿತ್ರ ತೋರಿಸುವುದು ರೂಢಿ. ಡಾಕರ್‌ನ ಲಾಂಛನದಲ್ಲೂ ತಿಮಿಂಗಿಲದ ಬೆನ್ನ ಮೇಲೆ ಅಂಥವೇ ಪೆಟ್ಟಿಗೆಗಳಿವೆ. ಪಾಠದ ಪ್ರವೇಶಕ್ಕೆ ಈ ಚಿತ್ರ ಸಾಕು. ಆದರೆ ‘ಪೆಟ್ಟಿಗೆಯ ಒಳಗೆ ಏನಿದೆ?’ ಎಂದು ಮುಂದಿನ ಪ್ರಶ್ನೆ ಕೇಳಿದರೆ ‘ಇನ್ನೊಂದು ಚಿಕ್ಕ ಕಂಪ್ಯೂಟರ್’ ಎಂಬ ಉತ್ತರ ಬರುತ್ತದೆ. ಅದು ವರ್ಚುವಲ್ ಮಷೀನ್‌ಗೆ ಹೊಂದುವ ಉತ್ತರ. ಕಂಟೇನರ್‌ನಲ್ಲಿ ಓಡುವುದು ನಮ್ಮದೇ ಲಿನಕ್ಸ್ ಕರ್ನಲ್‌ನ ಮೇಲಿನ ಒಂದು ಸಾಮಾನ್ಯ ಪ್ರೋಗ್ರಾಮ್; ಅದಕ್ಕೆ ಕಾಣುವ ಫೋಲ್ಡರ್‌ಗಳು ಮಾತ್ರ ಬೇರೆ.

ಆ ಬೇರೆ ಫೋಲ್ಡರ್‌ಗಳ ಗುಂಪಿಗೆ ರೂಟ್ ಫೈಲ್ ಸಿಸ್ಟಮ್ ಎಂದು ಹೆಸರು. ಇಮೇಜ್ ಒಂದನ್ನು ಕೊಟ್ಟರೆ ಅದರಿಂದ ರೂಟ್ ಫೈಲ್ ಸಿಸ್ಟಮ್ ಕಟ್ಟಿಕೊಡುವ ಚಿಕ್ಕ ಉಪಕರಣವನ್ನು ಈ ಅವಧಿಯಲ್ಲಿ ಪೈಥಾನ್‌ನಲ್ಲಿ ಬರೆದು, ಅದನ್ನೇ ಕಲಿಕೋಪಕರಣವಾಗಿ ಇಟ್ಟುಕೊಂಡು ಸಹಪಾಠಿಗಳಿಗೆ ಪಾಠ ಮಾಡಿದೆ. ಇಮೇಜ್‌ನಲ್ಲಿ ಫೈಲ್ ಸೇರಿಸುವುದು ಹೇಗೆ ಎಂಬುದಕ್ಕಿಂತ ಫೈಲ್ ಅಳಿಸುವುದು ಹೇಗೆ ಎಂಬಲ್ಲಿಂದ ಪಾಠ ಕಟ್ಟಿದರೆ ಇಡೀ ವಿಷಯ ಬೇಗ ತೆರೆದುಕೊಳ್ಳುತ್ತದೆ ಎಂಬುದು ನನ್ನ ಅನುಭವ. ಈ ಲೇಖನ ಅದರ ವಿವರಣೆ.

ಮೊದಲು ‘ರೂಟ್’ ಎಂದರೇನು ನೋಡೋಣ. ಲಿನಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದಿಲ್ಲ. ಎಲ್ಲ ಫೋಲ್ಡರ್‌ಗಳೂ ಒಂದೇ ಓರೆಗೆರೆಯಿಂದ ಕವಲೊಡೆಯುತ್ತವೆ. ಒಂದು ಪ್ರೋಗ್ರಾಮ್‌ಗೆ ‘ನಿನ್ನ ಓರೆಗೆರೆ ಇಲ್ಲಿಂದ ಶುರು’ ಎಂದು ಬೇರೆ ಫೋಲ್ಡರ್ ತೋರಿಸಿದರೆ ಅದಕ್ಕೆ ಅದೇ ಪ್ರಪಂಚ. ಇದನ್ನು ಮಾಡುವ ‘ಸಿಎಚ್‌ರೂಟ್’ ಎಂಬ ಕರೆ 1979ರ ಯುನಿಕ್ಸ್ ಏಳನೆಯ ಆವೃತ್ತಿಯಷ್ಟು ಹಳೆಯದು. ಇತರ ಪ್ರೋಗ್ರಾಮ್‌ಗಳನ್ನು ಕಾಣದಂತೆ ಮಾಡುವ ನೇಮ್‌ಸ್ಪೇಸ್, ಮೆಮೊರಿ ಮತ್ತು ಪ್ರೊಸೆಸರ್ ಬಳಕೆಗೆ ಮಿತಿ ಹಾಕುವ ಸಿಗ್ರೂಪ್ ಇವೆರಡೂ ಕಂಟೇನರ್‌ನ ಭಾಗಗಳೇ ಆದರೂ ಅವು ಕರ್ನಲ್‌ನ ಕೆಲಸ. ಇಮೇಜ್‌ನಿಂದ ಬರುವುದು ಫೋಲ್ಡರ್‌ಗಳು, ಜೊತೆಗೆ ಒಂದಿಷ್ಟು ಸೂಚನೆ, ಅಷ್ಟೆ.

ಈ ಕೆಲಸಕ್ಕೆ ಸಿದ್ಧ ಉಪಕರಣಗಳು ಬೇಕಾದಷ್ಟಿವೆ. ಡಾಕರ್‌ನ ‘ಎಕ್ಸ್‌ಪೋರ್ಟ್’ ಆದೇಶ ಕೊಟ್ಟರೆ ಇಡೀ ಫೈಲ್ ಸಿಸ್ಟಮ್ ಒಂದೇ ಕಟ್ಟಾಗಿ ಸಿಗುತ್ತದೆ. ‘ಉಮೋಚಿ’ ಇಮೇಜ್ ಬಿಚ್ಚಲೆಂದೇ ಇರುವ ಸಲಕರಣೆ. ನಿತ್ಯದ ಕೆಲಸಕ್ಕೆ ಅವನ್ನೇ ಬಳಸಬೇಕು. ಆದರೆ ಕಲಿಯುವವರಿಗೆ ಅವು ಮುಚ್ಚಿದ ಮಿಕ್ಸಿಯಂತೆ: ಹಾಕಿದ್ದು ಕಾಣುತ್ತದೆ, ಬಂದದ್ದು ಕಾಣುತ್ತದೆ, ನಡುವೆ ಆದದ್ದು ಕಾಣುವುದಿಲ್ಲ. ನನಗೆ ಪ್ರತಿ ಹೆಜ್ಜೆಯಲ್ಲೂ ನಿಂತು ‘ಈಗ ಏನು ಮಾಡಿದೆ’ ಎಂದು ಪರದೆಯ ಮೇಲೆ ಬರೆಯುವ ಉಪಕರಣ ಬೇಕಿತ್ತು.

ಇಮೇಜ್ ತರುವ ಭಾಗವನ್ನು ನಾನು ಬರೆಯಲಿಲ್ಲ. ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್‌ನಲ್ಲಿ ‘ಸ್ಕೋಪಿಯೋ’ ಬಳಸಿ ಇಮೇಜ್ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಲ್ಯಾಬ್‌ಗೆ ಒಯ್ದರೆ ಸಾಕು. ಹಾಗೆ ಬಂದದ್ದು ಒಂದು ಸಾಮಾನ್ಯ ಫೋಲ್ಡರ್. ಅದರ ರಚನೆ ಹೇಗಿರಬೇಕೆಂದು ನಿಗದಿ ಮಾಡಿರುವುದು 2015ರಲ್ಲಿ ಶುರುವಾದ ಓಪನ್ ಕಂಟೇನರ್ ಇನಿಶಿಯೇಟಿವ್. ಇಮೇಜ್ ಕುರಿತ ಅದರ ನಿಯಮಾವಳಿಯ ಮೊದಲ ಪೂರ್ಣ ಆವೃತ್ತಿ 2017ರಲ್ಲಿ ಬಂತು. ಫೋಲ್ಡರ್‌ನಲ್ಲಿ ‘ಇಂಡೆಕ್ಸ್’ ಎಂಬ ಒಂದು ಜೇಸನ್ ಫೈಲ್, ‘ಬ್ಲಾಬ್ಸ್’ ಎಂಬ ಒಂದು ಒಳಫೋಲ್ಡರ್ ಇರುತ್ತವೆ. ಒಳಫೋಲ್ಡರ್ ತೆರೆದರೆ 64 ಅಕ್ಷರಗಳ ಅರ್ಥವಿಲ್ಲದ ಹೆಸರಿನ ಫೈಲ್‌ಗಳ ಸಾಲು.

ಇಲ್ಲಿ ಪ್ರಶಿಕ್ಷಣಾರ್ಥಿಗಳ ಕೈಗೇ ಕೊಡಬೇಕು. ಯಾವುದೇ ಟೆಕ್ಸ್ಟ್ ಎಡಿಟರ್‌ನಲ್ಲಿ ಇಂಡೆಕ್ಸ್ ತೆರೆದರೆ ಅದು ‘ಮ್ಯಾನಿಫೆಸ್ಟ್’ ಎಂಬ ಫೈಲಿನ 64 ಅಕ್ಷರದ ಹೆಸರು ಹೇಳುತ್ತದೆ. ಮ್ಯಾನಿಫೆಸ್ಟ್ ತೆರೆದರೆ ಅದು ‘ಕಾನ್ಫಿಗ್’ ಫೈಲನ್ನೂ ಪದರಗಳ ಪಟ್ಟಿಯನ್ನೂ ತೋರಿಸುತ್ತದೆ. ಪದರ ಎಂದರೆ ಟಾರ್ ಕಟ್ಟು, ಸಾಮಾನ್ಯವಾಗಿ ಜಿಜಿಪ್‌ನಲ್ಲಿ ಕುಗ್ಗಿಸಿದ್ದು. ಟಾರ್ ಕೂಡ ಟೇಪ್‌ನ ಕಾಲದ ಹಳೆಯ ವಿಧಾನವೇ: ಪ್ರತಿ ಫೈಲಿಗೆ 512 ಬೈಟ್‌ಗಳ ತಲೆಬರಹ, ಅದರ ಹಿಂದೆ ಫೈಲಿನ ವಿಷಯ, ಮತ್ತೆ ಮುಂದಿನ ತಲೆಬರಹ. ನಿಧಿ ಹುಡುಕುವ ಆಟದಂತೆ ಒಂದು ಚೀಟಿಯಿಂದ ಇನ್ನೊಂದಕ್ಕೆ ಹೋಗುವ ಈ ಚಟುವಟಿಕೆಗೆ ಯಾವ ಪ್ರೋಗ್ರಾಮಿಂಗೂ ಬೇಡ.

ಆ 64 ಅಕ್ಷರಗಳು ಫೈಲಿನ ವಿಷಯದಿಂದಲೇ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಹ್ಯಾಶ್. ಒಂದು ಬೈಟ್ ಬದಲಾದರೂ ಹೆಸರು ಹೊಂದುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಕೆಟ್ಟ ಫೈಲನ್ನು ಉಪಕರಣ ಹಿಡಿಯುವುದು ಇದರಿಂದ. ಪ್ರತಿ ಪದರಕ್ಕೆ ಎರಡು ಹ್ಯಾಶ್ ಇರುವುದು ಮಾತ್ರ ಕೆಲವರನ್ನು ತಬ್ಬಿಬ್ಬು ಮಾಡಿತು: ಮ್ಯಾನಿಫೆಸ್ಟ್‌ನಲ್ಲಿರುವುದು ಕುಗ್ಗಿಸಿದ ರೂಪದ್ದು, ಕಾನ್ಫಿಗ್‌ನಲ್ಲಿರುವುದು ಬಿಚ್ಚಿದ ಟಾರ್‌ನದ್ದು. ಒಂದೇ ಟಾರ್ ಅನ್ನು ಜಿಜಿಪ್‌ನ ಮೊದಲ ಹಂತದಲ್ಲೊಮ್ಮೆ, ಒಂಬತ್ತನೆಯ ಹಂತದಲ್ಲೊಮ್ಮೆ ಕುಗ್ಗಿಸಿ ತೋರಿಸಿದರೆ ಕಾರಣ ತಾನೇ ತಿಳಿಯುತ್ತದೆ. ಹೊರಗಿನ ಬೈಟ್‌ಗಳು ಬೇರೆ, ಒಳಗಿನ ವಿಷಯ ಒಂದೇ.

ಇನ್ನು ಪದರಗಳು. ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್‌ನ ಪಾರದರ್ಶಕ ಹಾಳೆಗಳು ನಮ್ಮ ಕಾಲೇಜಿನ ಕಪಾಟಿನಲ್ಲಿ ಇನ್ನೂ ಇವೆ. ಭೂಗೋಳದ ಪಾಠದಲ್ಲಿ ಒಂದು ಹಾಳೆಯಲ್ಲಿ ಕರ್ನಾಟಕದ ಗಡಿ, ಅದರ ಮೇಲೊಂದರಲ್ಲಿ ನದಿ, ಇನ್ನೊಂದರಲ್ಲಿ ರೈಲುದಾರಿ ಇಟ್ಟು ತೋರಿಸುತ್ತಿದ್ದರಲ್ಲ, ಇಮೇಜ್‌ನ ಪದರಗಳೂ ಹಾಗೆಯೇ. ಮ್ಯಾನಿಫೆಸ್ಟ್‌ನ ಪಟ್ಟಿಯಲ್ಲಿ ಮೊದಲಿರುವುದು ತಳದ ಹಾಳೆ. ಮೇಲಿನ ಹಾಳೆಯಲ್ಲಿ ಅದೇ ಜಾಗಕ್ಕೆ ಬೇರೆ ಏನಾದರೂ ಬರೆದಿದ್ದರೆ ಕಾಣುವುದು ಮೇಲಿನದೇ. ಹಾಳೆಗಳನ್ನು ಹಾಗೇ ಜೋಡಿಸಿಟ್ಟು ಮೇಲಿನಿಂದ ನೋಡುವ ವಿಧಾನ ಓವರ್‌ಲೇ ಎಫ್‌ಎಸ್. ಅದು 2014ರ ಕೊನೆಯಲ್ಲಿ ಬಂದ ಲಿನಕ್ಸ್ 3.18ರಿಂದ ಕರ್ನಲ್‌ನಲ್ಲೇ ಇದೆ. ನನ್ನ ಉಪಕರಣದ ವಿಧಾನ ಬೇರೆ: ಮೇಲಿನಿಂದ ಕಂಡದ್ದನ್ನು ಒಂದೇ ಚಾರ್ಟ್‌ಗೆ ಇಳಿಸಿಬಿಡುತ್ತದೆ. ಹೋಲಿಕೆ ಹೇಳುವಾಗ ಈ ವ್ಯತ್ಯಾಸವನ್ನೂ ಹೇಳಲೇಬೇಕು. ಇಲ್ಲದಿದ್ದರೆ ಕಂಟೇನರ್ ಓಡುವಾಗಲೂ ಫೈಲ್‌ಗಳನ್ನು ಹೀಗೇ ನಕಲು ಮಾಡುತ್ತಾರೆ ಎಂದುಕೊಳ್ಳುತ್ತಾರೆ.

ಪಾರದರ್ಶಕ ಹಾಳೆಯಲ್ಲಿ ಕೆಳಗಿನದನ್ನು ಅಳಿಸಬೇಕಾದರೆ? ಕೆಳಗಿನ ಹಾಳೆಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಅದರ ಹ್ಯಾಶ್ ಬದಲಾಗುತ್ತದೆ, ಅದನ್ನೇ ಹಂಚಿಕೊಂಡಿರುವ ಬೇರೆ ಇಮೇಜ್‌ಗಳಿಗೆ ಅದು ಸಿಗದು. ಆದ್ದರಿಂದ ಮೇಲಿನ ಹಾಳೆಯಲ್ಲಿ ಆ ಜಾಗಕ್ಕೆ ಬಿಳಿ ಚೀಟಿ ಅಂಟಿಸುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ‘ವೈಟ್‌ಔಟ್’ ಎನ್ನುವುದೂ ಅದಕ್ಕೇ. ಇಮೇಜ್‌ನಲ್ಲಿ ಅದು ಒಂದು ಖಾಲಿ ಫೈಲ್. ಅಳಿಸಬೇಕಾದ ಫೈಲಿನ ಹೆಸರಿನ ಮುಂದೆ ಡಾಟ್, ಡಬ್ಲ್ಯೂಎಚ್, ಡಾಟ್ ಸೇರಿಸಿದರೆ ಅದರ ಹೆಸರಾಯಿತು. ಇಡೀ ಫೋಲ್ಡರ್‌ನ ಕೆಳಗಿನ ಎಲ್ಲವನ್ನೂ ಮರೆಮಾಡಲು ‘ಒಪೇಕ್’ ಎಂಬ ಇನ್ನೊಂದು ಗುರುತಿದೆ, ಹಾಳೆಯ ಅಷ್ಟು ಭಾಗಕ್ಕೆ ರಟ್ಟು ಅಂಟಿಸಿದ ಹಾಗೆ. ಚಾರ್ಟ್‌ಗೆ ಇಳಿಸುವಾಗ ಚೀಟಿಯನ್ನೂ ರಟ್ಟನ್ನೂ ಚಿತ್ರಿಸಬಾರದು. ಅವು ಮುಚ್ಚಿದ್ದನ್ನು ಬಿಡಬೇಕು, ಅಷ್ಟೆ.

ಸಹಪಾಠಿ ಬೋಧನೆಯಲ್ಲಿ ಕಪ್ಪು ಹಲಗೆಯ ಮೇಲೆ ಮೂರು ಪದರ ಬರೆದು, ಕೊನೆಯ ಫಲಿತಾಂಶ ಊಹಿಸಲು ಹೇಳಿದೆ. ಮೊದಲನೆಯದರಲ್ಲಿ ‘ಪಾಠ’ ಎಂಬ ಫೋಲ್ಡರ್, ಅದರಲ್ಲಿ ಒಂದು, ಎರಡು ಎಂಬ ಫೈಲ್‌ಗಳು. ಹೊರಗೆ ‘ಅಂಕಪಟ್ಟಿ’ ಎಂಬ ಫೈಲ್. ಎರಡನೆಯ ಪದರದಲ್ಲಿ ಪಾಠ ಫೋಲ್ಡರ್‌ಗೆ ಮೂರು ಎಂಬ ಫೈಲ್, ಎರಡಕ್ಕೆ ಚೀಟಿ. ಮೂರನೆಯದರಲ್ಲಿ ನಾಲ್ಕು ಎಂಬ ಫೈಲ್, ಅದರ ನಂತರ ಪಾಠ ಫೋಲ್ಡರ್‌ಗೆ ರಟ್ಟು, ಕೊನೆಗೆ ಅಂಕಪಟ್ಟಿಗೆ ಚೀಟಿ. ಎರಡನೆಯ ಪದರದವರೆಗೆ ಎಲ್ಲರದೂ ಒಂದೇ ಉತ್ತರ: ಒಂದು, ಮೂರು, ಅಂಕಪಟ್ಟಿ. ಮೂರನೆಯದರಲ್ಲಿ ತರಗತಿ ಎರಡಾಯಿತು. ರಟ್ಟು ಪಟ್ಟಿಯಲ್ಲಿ ನಾಲ್ಕರ ನಂತರ ಬಂದಿದೆ, ಆದ್ದರಿಂದ ನಾಲ್ಕೂ ಹೋಗುತ್ತದೆ, ಫೋಲ್ಡರ್ ಖಾಲಿ ಎಂದು ಒಂದು ಗುಂಪು. ರಟ್ಟು ಅದೇ ಹಾಳೆಯಲ್ಲಿರುವುದನ್ನು ಮುಚ್ಚಲಾರದು, ನಾಲ್ಕು ಉಳಿಯುತ್ತದೆ ಎಂದು ಇನ್ನೊಂದು.

ನಿಯಮ ಎರಡನೆಯ ಗುಂಪಿನ ಕಡೆಗಿದೆ. ಅಳಿಸುವ ಗುರುತು ತನಗಿಂತ ಕೆಳಗಿನ ಪದರಗಳಿಗೆ ಮಾತ್ರ ಅನ್ವಯ. ಒಂದು ಪದರದೊಳಗಿನ ಸಾಲುಗಳ ಹಿಂದುಮುಂದು ಇಲ್ಲಿ ಲೆಕ್ಕಕ್ಕಿಲ್ಲ. ಉಪಕರಣದ ಮುಖ್ಯ ವಿನ್ಯಾಸ ಈ ಒಂದು ವಾಕ್ಯದಿಂದ ಹುಟ್ಟುತ್ತದೆ: ಪ್ರತಿ ಪದರವನ್ನು ಎರಡು ಬಾರಿ ಓದಬೇಕು. ಮೊದಲ ಓದಿನಲ್ಲಿ ಅಳಿಸುವ ಗುರುತುಗಳನ್ನು ಮಾತ್ರ ಹುಡುಕಿ, ಈವರೆಗೆ ಕಟ್ಟಿದ್ದರಲ್ಲಿ ಅವು ಹೇಳಿದ್ದನ್ನು ತೆಗೆಯಬೇಕು. ಎರಡನೆಯ ಓದಿನಲ್ಲಿ ಉಳಿದ ಫೈಲ್‌ಗಳನ್ನು ಬರೆಯಬೇಕು. ಬರೆಯುವಾಗಲೂ ಹಳೆಯ ಫೈಲಿನ ಮೇಲೆಯೇ ಬರೆಯದೆ ಅದನ್ನು ತೆಗೆದು ಹೊಸದನ್ನು ಇಡಬೇಕು. ಹಾರ್ಡ್‌ಲಿಂಕ್‌ನಿಂದ ಒಂದೇ ಫೈಲಿಗೆ ಎರಡು ಹೆಸರಿದ್ದರೆ, ಮೇಲೆಯೇ ಬರೆದಾಗ ಎರಡೂ ಬದಲಾಗಿಬಿಡುತ್ತವೆ. ಫೋಲ್ಡರ್‌ನ ಮೇಲೆ ಫೋಲ್ಡರ್ ಬಂದರೆ ಮಾತ್ರ ಒಳಗಿನದನ್ನು ಹಾಗೇ ಬಿಟ್ಟು ಅನುಮತಿಗಳನ್ನಷ್ಟೇ ಬದಲಿಸಬೇಕು.

ಅಂಕಪಟ್ಟಿಯನ್ನು ಉದಾಹರಣೆಗೆ ಸೇರಿಸಿದ್ದು ಉದ್ದೇಶಪೂರ್ವಕ. ಕೊನೆಯ ಫೈಲ್ ಸಿಸ್ಟಮ್‌ನಲ್ಲಿ ಅದು ಇಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ, ಹಲಗೆಯ ಮೇಲಿದ್ದಂತೆಯೇ ಮೊದಲೇ ಕಟ್ಟಿಟ್ಟಿದ್ದ ಇಮೇಜ್ ಕೊಟ್ಟು ‘ಅಂಕಪಟ್ಟಿಯಲ್ಲಿ ಮೂರನೆಯ ಸಾಲಿನ ವಿದ್ಯಾರ್ಥಿಗೆ ಎಷ್ಟು ಅಂಕ?’ ಎಂದು ಕೇಳಿದೆ. ಹೆಸರು, ಅಂಕ ಎಲ್ಲವೂ ಕಲ್ಪಿತ. ತಳದ ಪದರದ ಟಾರ್ ಬಿಚ್ಚಿ ಉತ್ತರ ಹೇಳಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚೀಟಿ ಅಂಟಿಸಿದ ಮಾತ್ರಕ್ಕೆ ಕೆಳಗಿನ ಬರಹ ಹೋಗಿರುವುದಿಲ್ಲ. ಇಮೇಜ್ ಕಟ್ಟುವಾಗ ಒಂದು ಹಂತದಲ್ಲಿ ಪಾಸ್‌ವರ್ಡ್ ಅಥವಾ ಮಕ್ಕಳ ವಿವರಗಳ ಫೈಲ್ ಸೇರಿಸಿ ಮುಂದಿನ ಹಂತದಲ್ಲಿ ಅಳಿಸಿದರೆ, ಆ ಇಮೇಜ್ ಯಾರ ಕೈಗೆ ಹೋಗುತ್ತದೆಯೋ ಅವರಿಗೆಲ್ಲ ಆ ಫೈಲೂ ಹೋಗುತ್ತದೆ. ಮಕ್ಕಳ ಜನ್ಮದಿನಾಂಕ, ಜಾತಿ, ಪೋಷಕರ ಫೋನ್ ನಂಬರ್ ಎಲ್ಲವೂ ಶಿಕ್ಷಕರ ಕಂಪ್ಯೂಟರ್‌ನಲ್ಲಿ ಇರುತ್ತವೆ. ಈ ಪಾಠದಲ್ಲಿ ಇದಕ್ಕೆ ಹತ್ತು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ ಎಂದು ಪಾಠಯೋಜನೆಯಲ್ಲೇ ಬರೆದಿಟ್ಟಿದ್ದೆ. ಉಪಕರಣದ ಚಾರ್ಟ್ ಮಾತ್ರ ನಿಜಕ್ಕೂ ಶುದ್ಧ: ಅದರಲ್ಲಿ ಕೆಳಗಿನ ಹಾಳೆಗಳೇ ಇಲ್ಲ.

ಅಪಾಯ ಇನ್ನೊಂದು ದಿಕ್ಕಿನಿಂದಲೂ ಇದೆ. ಟಾರ್‌ನೊಳಗಿನ ಫೈಲಿನ ಹೆಸರಿನಲ್ಲಿ ಎರಡೆರಡು ಚುಕ್ಕಿ ಬಳಸಿ ‘ಮೇಲಿನ ಫೋಲ್ಡರ್‌ಗೆ ಹೋಗು’ ಎಂದು ಬರೆದಿದ್ದರೆ, ಜಾಗ್ರತೆ ಇಲ್ಲದ ಉಪಕರಣ ನಮ್ಮ ಕಂಪ್ಯೂಟರ್‌ನ ಫೈಲ್‌ಗಳ ಮೇಲೆಯೇ ಬರೆಯುತ್ತದೆ. ಪೈಥಾನ್‌ನ ಟಾರ್‌ಫೈಲ್ ಮಾಡ್ಯೂಲ್‌ನಲ್ಲಿ ಈ ದೌರ್ಬಲ್ಯವನ್ನು 2007ರಲ್ಲೇ ಗುರುತಿಸಲಾಗಿತ್ತು. ಈಗ ಅದಕ್ಕೆ ‘ಡೇಟಾ’ ಎಂಬ ಶೋಧಕ ಇದೆ, ಪೈಥಾನ್ 3.14ರಿಂದ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ. ಸಾಮಾನ್ಯ ಟಾರ್‌ಗೆ ಅದು ಸಾಕು, ಇಮೇಜ್‌ನ ಪದರಗಳಿಗೆ ಹೊಂದುವುದಿಲ್ಲ. ಓರೆಗೆರೆಯಿಂದ ಶುರುವಾಗುವ ವಿಳಾಸದ ಸಿಂಬಾಲಿಕ್ ಲಿಂಕ್‌ಗಳನ್ನು ಅದು ತಿರಸ್ಕರಿಸುತ್ತದೆ, ಆದರೆ ಡೆಬಿಯನ್‌ನಂಥ ವ್ಯವಸ್ಥೆಯ ಇಮೇಜ್‌ನಲ್ಲಿ ಅಂಥ ಲಿಂಕ್‌ಗಳು ಸಹಜ. ‘ವಾರ್’ ಫೋಲ್ಡರ್‌ನೊಳಗಿನ ‘ರನ್’ ಎಂಬುದು ಓರೆಗೆರೆಯ ಕೆಳಗಿನ ‘ರನ್’ ಫೋಲ್ಡರ್‌ಗೆ ಲಿಂಕ್. ಆ ಓರೆಗೆರೆ ಯಾರದು? ಕಂಟೇನರ್‌ನದು. ಬಿಚ್ಚುವ ಉಪಕರಣ ಅದನ್ನು ಹೊರಗಿನ ಕಂಪ್ಯೂಟರ್‌ನ ಓರೆಗೆರೆ ಎಂದು ತಿಳಿದರೆ ಫೈಲ್ ನಮ್ಮ ‘ರನ್’ ಫೋಲ್ಡರ್‌ಗೆ ಬಿದ್ದಂತೆ. ಹಾಗಾಗಿ ವಿಳಾಸದ ಪ್ರತಿ ತುಂಡನ್ನೂ ಒಂದೊಂದಾಗಿ ನಡೆದು, ಲಿಂಕ್ ಸಿಕ್ಕಾಗ ಹೊಸ ರೂಟ್‌ನಿಂದಲೇ ಲೆಕ್ಕ ಹಾಕುವ ಒಂದು ಫಂಕ್ಷನ್ ಬರೆದುಕೊಂಡೆ. ಉಪಕರಣದಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಇದೇ.

ಫೈಲಿನ ಒಡೆತನ ಮತ್ತು ಡಿವೈಸ್ ಫೈಲ್‌ಗಳಿಗೆ ರೂಟ್ ಬಳಕೆದಾರನ ಅಧಿಕಾರ ಬೇಕು. ಲ್ಯಾಬ್‌ನಲ್ಲಿ ಆ ಅಧಿಕಾರ ವಿದ್ಯಾರ್ಥಿಗಳಿಗೆ ಕೊಡುವಂಥದ್ದಲ್ಲ. ನನ್ನ ಉಪಕರಣ ಅವೆರಡನ್ನೂ ಬಿಟ್ಟು, ಬಿಟ್ಟದ್ದರ ಪಟ್ಟಿಯನ್ನು ಪರದೆಯ ಮೇಲೆ ಬರೆಯುತ್ತದೆ.

ಪ್ರಯತ್ನಿಸುವವರಿಗೆ ಇಮೇಜ್ ಆಯ್ಕೆಯ ಬಗ್ಗೆ ಒಂದು ಮಾತು. ಚಿಕ್ಕದೆಂದು ಎಲ್ಲರೂ ಆಲ್ಪೈನ್‌ನಿಂದ ಶುರು ಮಾಡುತ್ತಾರೆ. ಅದು 5 ಎಂಬಿ ಆಸುಪಾಸಿನದು, ನಿಜ. ಆದರೆ ಅದರಲ್ಲಿರುವುದು ಒಂದೇ ಪದರ. ಹ್ಯಾಶ್ ಮತ್ತು ಟಾರ್ ತೋರಿಸಲು ಅದು ಸರಿ, ಅಳಿಸುವುದನ್ನು ತೋರಿಸಲು ನಿರುಪಯೋಗಿ. ಪೈಥಾನ್‌ನ ಇಮೇಜ್‌ನಲ್ಲಿ ಹಲವು ಪದರಗಳಿವೆ. ಅದಕ್ಕಿಂತಲೂ ನಾವೇ ಮೂರು ಫೋಲ್ಡರ್ ಮಾಡಿ ಮೂರು ಟಾರ್ ಕಟ್ಟಿ, ಮ್ಯಾನಿಫೆಸ್ಟ್ ಕೈಯಿಂದ ಬರೆದ ಇಮೇಜ್ ತರಗತಿಗೆ ಒಳ್ಳೆಯದು. ಊಹೆ ಮತ್ತು ಫಲಿತಾಂಶವನ್ನು ಒಂದೇ ಹಲಗೆಯ ಮೇಲೆ ಪಕ್ಕಪಕ್ಕ ಇಡಬಹುದು.

ಕಟ್ಟಿದ ರೂಟ್ ಫೈಲ್ ಸಿಸ್ಟಮ್‌ಗೆ ಸಿಎಚ್‌ರೂಟ್ ಮಾಡಿ ಒಳಹೊಕ್ಕು ನೋಡುವ ಕೊನೆಯ ಹೆಜ್ಜೆಯನ್ನು ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಪ್ರಾತ್ಯಕ್ಷಿಕೆಯಾಗಿ ತೋರಿಸಿದೆ. ಒಳಗೆ ಪೈಥಾನ್ ಓಡಿತು. ಆದರೆ ‘ಪ್ರೋಕ್’ ಫೋಲ್ಡರ್ ತೆರೆದರೆ ಅದು ಖಾಲಿ. ಓಡುತ್ತಿರುವ ಪ್ರೋಗ್ರಾಮ್‌ಗಳ ವಿವರ ಇರಬೇಕಾದ ಜಾಗವದು. ಅದನ್ನು ತುಂಬುವುದು ಕರ್ನಲ್, ಇಮೇಜ್‌ನಿಂದ ಅದು ಬರುವುದಿಲ್ಲ. ‘ಹಾಗಾದರೆ ಅದನ್ನು ತುಂಬಿದರೆ ಒಳಗಿನವನಿಗೆ ಹೊರಗಿನ ಪ್ರೋಗ್ರಾಮ್‌ಗಳೂ ಕಾಣುತ್ತವೆಯೇ?’ ಎಂದು ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಕಾಣುತ್ತವೆ. ನೇಮ್‌ಸ್ಪೇಸ್‌ನ ಪಾಠಕ್ಕೆ ಪೀಠಿಕಾ ಪ್ರಶ್ನೆಯಾಗಿ ಅದನ್ನೇ ಬರೆದುಕೊಂಡಿದ್ದೇನೆ.